ಕಿವಿಗೂ ಬೇಕು ಹಾರಾಟದ ತಾಲೀಮು

ಮೋಡ ಹೊಕ್ಕ ವಿಮಾನದ ಪೈಲಟ್‌ಗೆ ನೆಲವೂ ಕಾಣದು, ದಿಗಂತವೂ ಕಾಣದು. ಕಣ್ಣು ಮೀಟರುಗಳ ಮೇಲೆ, ಕೈ ಕಂಟ್ರೋಲ್ ಮೇಲೆ, ಕಿವಿ ಹೆಡ್‌ಸೆಟ್‌ನಲ್ಲಿ. ಇಂಥ ಹಾರಾಟಕ್ಕೆ ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಸಿದ್ಧರಾಗುವವರು ಕಣ್ಣು, ಕೈಗಳನ್ನು ಚೆನ್ನಾಗಿ ಪಳಗಿಸುತ್ತಾರೆ, ಕಿವಿಯನ್ನು ಮಾತ್ರ ಕಡೆಗಣಿಸುತ್ತಾರೆ. ಮನೆಯ ಸಿಮ್ಯುಲೇಟರಿಗೆ ಜೋಡಿಸಿಕೊಳ್ಳುವ ಆನ್‌ಲೈನ್ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಜಾಲಗಳು ಬೆಲೆಬಾಳುವುದು ಇಲ್ಲೇ.

ಇವುಗಳಲ್ಲಿ ಎರಡು ಮುಖ್ಯ. 2001ರಲ್ಲಿ ಶುರುವಾದ ವ್ಯಾಟ್‌ಸಿಮ್ ಉಚಿತ. ಅದರ ಕಂಟ್ರೋಲರ್‌ಗಳು ಜಗತ್ತಿನಾದ್ಯಂತ ಇರುವ ಸ್ವಯಂಸೇವಕರು. 2011ರಲ್ಲಿ ಅಮೆರಿಕದಲ್ಲಿ ಆರಂಭವಾದ ಪೈಲಟ್‌ಎಡ್ಜ್‌ಗೆ ಶುಲ್ಕ ಕಟ್ಟಬೇಕು. ಅಲ್ಲಿ ನಿಗದಿತ ಹೊತ್ತಿನಲ್ಲಿ ಕಂಟ್ರೋಲರ್ ಇದ್ದೇ ಇರುತ್ತಾರೆ. ಸೇವೆ ಶುರುವಾಗುವ ಕ್ಯಾಲಿಫೋರ್ನಿಯಾದ ಬೆಳಗಿನ ಎಂಟು ಗಂಟೆಯೆಂದರೆ ತಮಿಳುನಾಡಿನ ಪೊಳ್ಳಾಚಿಯಲ್ಲಿ ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಕಾಲೇಜು ಮುಗಿಸಿ, ಊಟ ಮಾಡಿ ಕೂರುವ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲವಾದ ಹೊತ್ತು ಸಿಗದು.

ಅಭ್ಯಾಸ ನಡೆಯುವುದು ಹೀಗೆ. ಎಂಜಿನ್ ಶುರುವಾಗಿದೆ. ಕಂಟ್ರೋಲರ್ ಒಂದೇ ಉಸಿರಿನಲ್ಲಿ ತಲುಪಬೇಕಾದ ನಿಲ್ದಾಣ, ಮಾರ್ಗ, ಎತ್ತರ, ಮುಂದಿನ ಫ್ರೀಕ್ವೆನ್ಸಿ, ಟ್ರಾನ್ಸ್‌ಪಾಂಡರ್ ಕೋಡ್ ಹೇಳಿಬಿಡುತ್ತಾರೆ. ಮೊಣಕಾಲಿನ ಮೇಲಿನ ಹಾಳೆಯಲ್ಲಿ ಗೀಚಿಕೊಂಡು ಅಷ್ಟನ್ನೂ ತಿರುಗಿ ಒಪ್ಪಿಸಬೇಕು. ಒಂದು ಅಂಕಿ ತಪ್ಪಿದರೂ ಕಂಟ್ರೋಲರ್ ತಿದ್ದುತ್ತಾರೆ, ಮತ್ತೆ ಹೇಳಿಸುತ್ತಾರೆ. ಅದೇ ಫ್ರೀಕ್ವೆನ್ಸಿಯಲ್ಲಿ ಇನ್ನೂ ನಾಲ್ಕು ವಿಮಾನಗಳು ಕಾಯುತ್ತಿರುತ್ತವೆ. ಸಿಮ್ಯುಲೇಟರಿನೊಳಗೇ ಬರುವ ಎಟಿಸಿಯಲ್ಲಿ ಈ ಒತ್ತಡವಿಲ್ಲ. ಅಲ್ಲಿ ಉತ್ತರವನ್ನು ಪಟ್ಟಿಯಿಂದ ಆರಿಸಿದರೆ ಸಾಕು. ಬಾಯಿ ತೆರೆಯದೆ ರೇಡಿಯೊ ಕಲಿಯಲಾಗದು.

ಪೊಳ್ಳಾಚಿ, ಉಡುಮಲೈ ಸುತ್ತಲಿನ ಕನ್ನಡ ಮನೆಮಾತಿನ ಹುಡುಗ ಹುಡುಗಿಯರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಕ್‌ಪಿಟ್ಟಿನಲ್ಲಿ ಅಳೆದು ತೂಗಿದ ಇಂಗ್ಲಿಷು. ಮೈಕ್ ಒತ್ತಿದೊಡನೆ ತಡವರಿಸದಿರುವುದು ಪುಸ್ತಕದಿಂದ ಬರುವುದಿಲ್ಲ. ಇಂಥ ತಡವರಿಕೆ ಏನು ಮಾಡಬಲ್ಲದೆಂಬುದಕ್ಕೆ 1996ರ ನವೆಂಬರ್ 12ರ ಚರ್ಖಿ ದಾದ್ರಿ ದುರಂತವಿದೆ. 15,000 ಅಡಿಯಲ್ಲಿರಬೇಕಿದ್ದ ಕಜಕಿಸ್ತಾನದ ವಿಮಾನ ಇನ್ನೂ ಕೆಳಗಿಳಿದು ಸೌದಿಯಾ ವಿಮಾನಕ್ಕೆ ಅಪ್ಪಳಿಸಿತು. 349 ಜನ ಸತ್ತರು. ಸಿಬ್ಬಂದಿಯ ಇಂಗ್ಲಿಷ್ ಕೊರತೆಯತ್ತಲೂ ತನಿಖೆ ಬೊಟ್ಟು ಮಾಡಿತು.

ಆದರೆ ಈ ಜಾಲಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪೈಲಟ್‌ಎಡ್ಜ್ ಕಲಿಸುವುದು ಅಮೆರಿಕದ ಪದ್ಧತಿ. ಅಲ್ಲಿ ಗಾಳಿಯ ಒತ್ತಡ ಇಂಚಿನಲ್ಲಿ, ಇಲ್ಲಿ ಹೆಕ್ಟೊಪ್ಯಾಸ್ಕಲ್‌ನಲ್ಲಿ. ಅಲ್ಲಿ ಟ್ರಾನ್ಸಿಷನ್ ಆಲ್ಟಿಟ್ಯೂಡ್ (ಆಲ್ಟಿಮೀಟರನ್ನು ಪ್ರಮಾಣಿತ ಒತ್ತಡಕ್ಕೆ ಬದಲಿಸುವ ಎತ್ತರ) ಎಲ್ಲೆಡೆ 18,000 ಅಡಿ, ಇಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಅಲ್ಲಿಯ ರೂಢಿಯನ್ನೇ ಗಟ್ಟಿಮಾಡಿಕೊಂಡು ರೇಡಿಯೊ ಪರವಾನಗಿಯ ಆರ್‌ಟಿಆರ್ ಪರೀಕ್ಷೆಗೆ ಕೂತರೆ ಪೆಟ್ಟು ಬೀಳುತ್ತದೆ.

ಭಾರತದ ಆಕಾಶ ಬೇಕೆಂದರೆ ವ್ಯಾಟ್‌ಸಿಮ್. ಅಭ್ಯಾಸಕ್ಕೆ ಕೊಯಮತ್ತೂರೇ ಸಾಕು: ಪಾಲಕ್ಕಾಡ್ ಕಣಿವೆಯಿಂದ ಮಳೆಗಾಲದಲ್ಲಿ ನುಗ್ಗುವ ಪಡುಗಾಳಿಗೆ ಮುಖಮಾಡಿ 23ನೇ ರನ್‌ವೇಗೆ ರೇಡಿಯೊ ಸಂಕೇತ ಹಿಡಿದು ಐಎಲ್‌ಎಸ್ ಇಳಿಕೆ, ಎದುರಿಗೆ ಪಶ್ಚಿಮ ಘಟ್ಟ, ಪಕ್ಕದಲ್ಲೇ ಸೂಲೂರು ವಾಯುಪಡೆ ನೆಲೆ. ಆದರೆ ಸ್ವಯಂಸೇವಕರು ಬರುವುದು ಬಿಡುವಾದಾಗ. ಬೇಕೆಂದಾಗಲೆಲ್ಲ ಕೊಯಮತ್ತೂರು ಟವರ್ ಸಿಗುತ್ತದೆಂಬ ಭರವಸೆಯಿಲ್ಲ.

ದೊಡ್ಡ ಕೊರತೆ ಇನ್ನೊಂದಿದೆ. ಮೋಡದಲ್ಲಿ ವಿಮಾನ ಮೆಲ್ಲಗೆ ವಾಲಿದರೆ ಒಳಕಿವಿಗೆ ಗೊತ್ತಾಗುವುದಿಲ್ಲ; ಸರಿಪಡಿಸಿದಾಗ ಇನ್ನೊಂದು ಕಡೆಗೆ ವಾಲಿದಂತೆ ಭಾಸವಾಗುತ್ತದೆ. ಮನೆಯ ಕುರ್ಚಿ ಈ ಭ್ರಮೆಯನ್ನು ಕೊಡಲಾರದು. ಅಲ್ಲಿ ಕಳೆದ ಸಮಯವನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾರಾಟದ ಲೆಕ್ಕಕ್ಕೂ ಹಿಡಿಯುವುದಿಲ್ಲ.

ಇಷ್ಟಾದರೂ ತಯಾರಿಯಾಗಿ ಇದು ಶಿಫಾರಸಿಗೆ ಅರ್ಹ, ಕ್ರಮ ತಪ್ಪದಿದ್ದರೆ. ಮೊದಲು ಭಾರತದ ರೇಡಿಯೊ ಪದ್ಧತಿ ಕಲಿಯಬೇಕು, ಆಮೇಲೆ ವ್ಯಾಟ್‌ಸಿಮ್‌ನಲ್ಲಿ ಕೇಳುತ್ತ ಕೂರಬೇಕು, ನಂತರ ಮೈಕ್ ಹಿಡಿಯಬೇಕು. ಹಂತಹಂತವಾಗಿ ಕಷ್ಟವಾಗುವ ಪೈಲಟ್‌ಎಡ್ಜ್‌ನ 11 ಐಎಫ್‌ಆರ್ (ಉಪಕರಣ ಆಧಾರಿತ ಹಾರಾಟದ) ಪರೀಕ್ಷೆಗಳು ಕೊನೆಗಿರಲಿ. ಹೀಗೆ ಬಂದವರಿಗೆ ದುಬಾರಿ ಹಾರಾಟದ ಗಂಟೆಗಳು ರೇಡಿಯೊ ತಿದ್ದುವುದರಲ್ಲಿ ಕಳೆದುಹೋಗುವುದಿಲ್ಲ. ಬೋಧಕರು ಹೋಲ್ಡಿಂಗ್, ಐಎಲ್‌ಎಸ್ ಪಾಠಕ್ಕೆ ನೇರವಾಗಿ ಕೈಹಾಕಬಹುದು.