ನೆರೆಯ ಗಣಿತವೂ ಕೆರೆಯ ಸೀಮೆಯೂ

ಮಳೆಯ ನೀರು ಎಲ್ಲಿ ಎಷ್ಟು ಏರುವುದು, ಯಾವ ಹೊತ್ತಿಗೆ ಇಳಿಯುವುದು ಎಂಬುದನ್ನು ಗಣಿತದಿಂದ ಮುಂದಾಗಿ ತಿಳಿಯುವ ಶಾಸ್ತ್ರವು ಕೇವಲ ಇಂಜಿನಿಯರುಗಳ ವಿಷಯವೆಂದು ಸಾಮಾನ್ಯವಾದ ಭಾವನೆ. ಆದರೆ ಗಣಿತದ ಮಾದರಿಯೂ ಒಂದು ಬಗೆಯ ರಚನೆಯೇ. ಅದು ಕಂಡುದರಲ್ಲಿ ಕೆಲವನ್ನು ಆಯ್ದುಕೊಳ್ಳುತ್ತದೆ, ಕೆಲವನ್ನು ಬಿಡುತ್ತದೆ, ಬಿಟ್ಟುದನ್ನು ಎಷ್ಟೋ ವೇಳೆ ಒಂದು ಅಂಕಿಯೊಳಗೆ ಅಡಗಿಸುತ್ತದೆ. ಆದುದರಿಂದ ಕಾವ್ಯವಿಮರ್ಶೆಯಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬಹುದು: ಹೇಳಿರುವುದೇನು, ಬಿಟ್ಟಿರುವುದೇನು, ಬಿಟ್ಟುದು ಔಚಿತ್ಯಕ್ಕೆ ಹೊಂದುವುದೆ? ಬೆಂಗಳೂರಿನ ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿರುವ ಚಿಕ್ಕಜಾಲವು ಈ ಪರೀಕ್ಷೆಗೆ ತಕ್ಕ ಒರೆಗಲ್ಲು.

ಚಿಕ್ಕಜಾಲದಲ್ಲಿ ಹಳೆಯ ಕೋಟೆಯ ಅವಶೇಷವಿದೆ, ಕಲ್ಯಾಣಿಯಿದೆ, ಕೆರೆಯಿದೆ, ನದಿಯಿಲ್ಲ. ನಂದಿಬೆಟ್ಟದ ಕಡೆಯಿಂದ ತೆಂಕಲಿಗೆ ಇಳಿದುಬರುವ ಈ ಎತ್ತರದ ಸೀಮೆಯಲ್ಲಿ ಒಂದು ಪಕ್ಕದ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವುದು. ಮತ್ತೊಂದು ಪಕ್ಕದ ನೀರು ದಕ್ಷಿಣ ಪಿನಾಕಿನಿಯ ಪಾಲು. ಎರಡು ಹೊಳೆಗಳಿಗೂ ಇಲ್ಲಿಯದು ಇನ್ನೂ ಹಳ್ಳದ ಅವಸ್ಥೆ. ಆ ಹಳ್ಳಗಳಿಗೆ ಅಡ್ಡಲಾಗಿ ಹಿಂದಿನವರು ಏರಿಗಳನ್ನು ಹಾಕಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಸರಣಿಯನ್ನು ಏರ್ಪಡಿಸಿದರು. ಇಲ್ಲಿ ನೀರಿನ ಕಥೆಯೆಂದರೆ ಈ ಸರಣಿಯ ಕಥೆ.

ಮೊದಲು ಶಬ್ದವಿಚಾರ. ಕನ್ನಡದ ಶಾಸ್ತ್ರಲೇಖನಗಳಲ್ಲಿ ‘ಪ್ರವಾಹ’ವೆಂಬ ಒಂದೇ ಮಾತು ನೀರಿನ ಸಹಜವಾದ ಹರಿವಿಗೂ, ದಡಮೀರಿದ ನೀರಿಗೂ ಸಲ್ಲುತ್ತಿದೆ. ಹರಿವು ಯಾವಾಗ ಹಾವಳಿಯಾಗುವುದೆಂಬುದನ್ನೇ ನಿರ್ಣಯಿಸಬೇಕಾದ ಶಾಸ್ತ್ರಕ್ಕೆ ಈ ಸಂದಿಗ್ಧವು ದೋಷವೇ ಸರಿ. ‘ಹರಿವು’, ‘ನೆರೆ’ ಎಂಬ ದೇಶ್ಯಪದಗಳು ಕೈಗೆಟುಕುವಂತಿರುವಾಗ ಈ ದೋಷಕ್ಕೆ ಕಾರಣವಿಲ್ಲ. ‘ನೆರೆದ ಜನ’ ಎಂಬಲ್ಲಿ ಕೇಳಿಬರುವ ಕೂಡುವಿಕೆಯ ಅರ್ಥವು ಈ ಸೀಮೆಯ ನೆರೆಗೆ ಚೆನ್ನಾಗಿ ಒಪ್ಪುತ್ತದೆ. ಹಲವು ಕೆರೆಗಳ ಕೋಡಿ ಒಂದೇ ಹೊತ್ತಿಗೆ ಕೂಡಿದಾಗಲೇ ಇಲ್ಲಿ ಹಾವಳಿ. ‘ಮಾದರಿ’ಯೆಂಬ ಮಾತಿನಲ್ಲಿಯೂ ಎಚ್ಚರ ಬೇಕು. ಲೋಕದಲ್ಲಿ ಮಾದರಿಯೆಂದರೆ ಅನುಸರಿಸತಕ್ಕದ್ದು. ಶಾಸ್ತ್ರದಲ್ಲಿ ಅದು ಪರೀಕ್ಷಿಸತಕ್ಕದ್ದು.

ಇನ್ನು ಸೂತ್ರಗಳು. ಫ್ರಾನ್ಸಿನ ಸೇಂಟ್ ವೆನಾಂಟನು ೧೮೭೧ರಲ್ಲಿ ಪ್ರಕಟಿಸಿದ ಎರಡು ಸಮೀಕರಣಗಳು ಈ ಶಾಸ್ತ್ರದ ಮೂಲಸ್ತಂಭಗಳು. ಬಂದ ನೀರು ಹೋದ ನೀರಿಗೂ ನಿಂತ ನೀರಿಗೂ ಸರಿಹೊಂದಬೇಕೆಂಬುದು ಮೊದಲನೆಯದು. ನೀರಿನ ವೇಗದ ಬದಲಾವಣೆಯು ಇಳಿಜಾರು, ಒತ್ತಡ, ನೆಲದ ತಡೆ ಇವುಗಳಿಂದ ನಿರ್ಣಯವಾಗುವುದೆಂಬುದು ಎರಡನೆಯದು. ಈ ತಡೆಯನ್ನು ಅಳೆಯಲು ಬಳಕೆಯಲ್ಲಿರುವುದು ಐರ್ಲೆಂಡಿನ ಮ್ಯಾನಿಂಗನು ೧೮೮೯ರಲ್ಲಿ ಮಂಡಿಸಿದ ಸೂತ್ರ. ಅದರಲ್ಲಿ ನೆಲದ ಒರಟುತನವೆಲ್ಲ ಒಂದೇ ಅಂಕಿ. ನಯವಾದ ಕಾಂಕ್ರೀಟು ಕಾಲುವೆಗೆ ೦.೦೧೫ ಎಂದಿಟ್ಟರೆ, ಜೊಂಡು ಬೆಳೆದ ಹಳ್ಳಕ್ಕೆ ೦.೦೬೦ ಎಂದಿಡಬಹುದು. ಅಗಲ, ಆಳ, ಇಳಿಜಾರು ಒಂದೇ ಆಗಿದ್ದರೂ ಎರಡನೆಯದರಲ್ಲಿ ಸಾಗುವ ನೀರು ಮೊದಲನೆಯದರ ಕಾಲುಭಾಗ ಮಾತ್ರ. ಕಾಲುವೆಯಲ್ಲಿ ಹೂಳೆಷ್ಟು, ಕಸವೆಷ್ಟು ಎಂಬ ಊರಿನ ಸಂಗತಿಯೆಲ್ಲ ಆ ಅಂಕಿಯಲ್ಲಿ ಹುದುಗಿದೆ. ಸ್ಥಳವನ್ನು ನೋಡದೆ ಪುಸ್ತಕದ ಪಟ್ಟಿಯಿಂದ ಅದನ್ನು ಎತ್ತಿಕೊಂಡವನು ಮೂಲವನ್ನು ಓದದೆ ಟೀಕೆ ಬರೆದವನಿಗೆ ಸಮಾನ.

ಇದಕ್ಕಿಂತ ಸರಳವಾದುದು ಮದರಾಸು ಪ್ರಾಂತಕ್ಕಾಗಿ ೧೮೮೪ರಲ್ಲಿ ರೂಪಗೊಂಡ ರೈವ್ಸನ ಸೂತ್ರ. ಜಲಾನಯನದ ವಿಸ್ತೀರ್ಣದ ಮೂರನೆಯ ಎರಡು ಘಾತವನ್ನು ಪ್ರದೇಶಕ್ಕೆ ತಕ್ಕ ಒಂದು ಗುಣಕದಿಂದ ಹೆಚ್ಚಿಸಿದರೆ ಪರಮಾವಧಿ ನೆರೆ ದೊರೆಯುವುದು. ೮ ಚದರ ಕಿಲೋಮೀಟರಿನ ಜಲಾನಯನಕ್ಕೆ ಗುಣಕವು ೬.೮ ಆದರೆ ಸೆಕೆಂಡಿಗೆ ಸುಮಾರು ೨೭ ಘನಮೀಟರು; ೧೦ ಆದರೆ ೪೦. ಲೆಕ್ಕ ಸುಲಭ, ಆದರೆ ಆ ೮ ಚದರ ಕಿಲೋಮೀಟರು ರಾಗಿಯ ಹೊಲವೋ, ಕಾಂಕ್ರೀಟು ಹಾಸಿದ ಬಡಾವಣೆಯೋ ಎಂಬುದನ್ನು ಸೂತ್ರವು ಕೇಳುವುದಿಲ್ಲ. ೨೦೦೮ರಲ್ಲಿ ವಿಮಾನನಿಲ್ದಾಣವು ತೆರೆದ ತರುವಾಯ ಇಲ್ಲಿ ಬಹಳವಾಗಿ ಮಾರ್ಪಟ್ಟುದು ಇದೇ.

ಗಣಕಯಂತ್ರವು ಬಂದ ಮೇಲೆ ಸೂತ್ರಗಳ ಬಿಗಿ ಸಡಿಲಿತು. ೧೯೫೦ರ ದಶಕದಲ್ಲಿ ಸ್ಟೋಕರನೂ ಅವನ ಸಂಗಡಿಗರೂ ಅಮೆರಿಕೆಯ ಓಹಾಯೋ ನದಿಯ ನೆರೆಯನ್ನು ಯಂತ್ರದಿಂದ ಲೆಕ್ಕಹಾಕಿದರು. ನೆಲವನ್ನು ಚಿಕ್ಕ ಚೌಕಗಳಾಗಿ, ಕಾಲವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು ಈ ವಿಧಾನದ ತಿರುಳು. ಹೆಜ್ಜೆಯು ಮನಬಂದಷ್ಟು ದೊಡ್ಡದಾಗಲಾಗದೆಂಬುದನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬವರು ೧೯೨೮ರಲ್ಲಿಯೇ ತೋರಿಸಿದ್ದರು. ಚೌಕದ ಬದಿ ೧೦ ಮೀಟರು, ನೀರಿನ ಆಳ ೧ ಮೀಟರು, ವೇಗ ಸೆಕೆಂಡಿಗೆ ೧ ಮೀಟರು ಇರುವಲ್ಲಿ, ಸರಳವಾದ ಮುನ್ನಡೆಯ ಕ್ರಮದಲ್ಲಿ ಹೆಜ್ಜೆಯು ೨.೪ ಸೆಕೆಂಡು ಮೀರಿದರೆ ಉತ್ತರವೇ ಕೆಡುವುದು. ಆದರೆ ಸೂಕ್ಷ್ಮತೆಯೇ ಸತ್ಯವಲ್ಲ. ೧೦ ಮೀಟರಿನ ಚೌಕದಲ್ಲಿ ೩ ಮೀಟರಿನ ರಾಜಕಾಲುವೆಯು ಮಾಯವಾಗಬಹುದು. ಏರಿಯ ನೆತ್ತಿಯು ಸರಾಸರಿಯಲ್ಲಿ ತಗ್ಗಿಹೋಗಬಹುದು.

ಕೆರೆಯ ಸೀಮೆಗೆ ನಿರ್ಣಾಯಕವಾದುದು ಕೋಡಿ. ತೂಬು ಮುಚ್ಚಿರುವಾಗ, ಕೋಡಿಯ ಮಟ್ಟವನ್ನು ಮುಟ್ಟುವತನಕ ಕೆರೆಯು ಕೆಳಕ್ಕೆ ನೀರು ಬಿಡುವುದಿಲ್ಲ. ಮುಟ್ಟಿದ ಮೇಲಾದರೋ, ಕೋಡಿಯ ಮೇಲಿನ ಆಳ ಇಮ್ಮಡಿಯಾದರೆ ಬೀಳುವ ನೀರು ಸುಮಾರು ೨.೮ ಮಡಿಯಾಗುವುದು. ಮೇಲಿನ ೮ ಚದರ ಕಿಲೋಮೀಟರಿನಿಂದ ೫೦ ಮಿಲಿಮೀಟರು ನೀರು ಹರಿದುಬಂದಿತೆಂದು ಇಟ್ಟುಕೊಂಡರೆ ಅದು ೪ ಲಕ್ಷ ಘನಮೀಟರು. ೪೦ ಹೆಕ್ಟೇರಿನ ಕೆರೆಯಲ್ಲಿ ಒಂದು ಮೀಟರು ತೆರಪಿದ್ದರೆ ಅದಷ್ಟೂ ಅಲ್ಲಿಯೇ ನಿಲ್ಲುವುದು. ಕೆರೆ ತುಂಬಿದ್ದರೆ ಬಹುಭಾಗ ಕೆಳಗಿನವರ ಪಾಲು. ಅದೇ ಮಳೆ, ಅದೇ ಸೂತ್ರ, ಫಲ ಬೇರೆ. ಜಕ್ಕೂರಿನ ಕೆರೆಗೆ ಶುದ್ಧೀಕರಿಸಿದ ಒಳಚರಂಡಿಯ ನೀರು ವರ್ಷವೆಲ್ಲ ಬರುತ್ತಿದೆ. ಬೇಸಗೆಯಲ್ಲಿ ಕೆರೆ ಬತ್ತಿರುವುದೆಂಬ ಹಳೆಯ ಊಹೆಯು ಇಂತಹ ಕಡೆ ಸಲ್ಲದು.

ಇದು ಬರಿಯ ತರ್ಕವಲ್ಲ. ೨೦೨೧ರ ನವೆಂಬರಿನಲ್ಲಿ, ಮರಳಿ ೨೦೨೪ರ ಅಕ್ಟೋಬರಿನಲ್ಲಿ, ಯಲಹಂಕದ ವಸತಿಸಮುಚ್ಚಯವೊಂದಕ್ಕೆ ಕೆರೆಯ ನೀರು ನುಗ್ಗಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಲ್ಲಿ ದಡಮೀರಿದ ನದಿಯಾವುದೂ ಇರಲಿಲ್ಲ. ನದಿಯ ದಡದಿಂದ ಇಷ್ಟು ದೂರವೆಂದು ಅಪಾಯವನ್ನು ಅಳೆಯುವ ನಕ್ಷೆಯು ಇಂತಹ ಮನೆಗಳನ್ನು ನಿರ್ಭಯವೆಂದೇ ಬರೆದೀತು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದೊಡನೆ ಕೂಡಿ, ಮಳೆಮಾಪಕಗಳನ್ನೂ ಚರಂಡಿಗಳ ಹಂದರವನ್ನೂ ಲೆಕ್ಕಕ್ಕೆ ತಂದು ಬೆಂಗಳೂರಿಗೆ ರಚಿಸಿರುವ ನೆರೆಯ ಮಾದರಿಯು ಸರಿಯಾದ ದಿಕ್ಕಿನ ಪ್ರಯತ್ನ. ನಗರದ ಅಂಚಿನ ಚಿಕ್ಕಜಾಲದಂತಹ ಊರುಗಳಲ್ಲಿ ಈ ಕೆಲಸಕ್ಕೆ ಪ್ರತಿಯೊಂದು ಕೋಡಿಯ ಉದ್ದ, ಮಟ್ಟ, ಅಂದಂದಿನ ತೆರಪು ಇವುಗಳ ಅಳತೆ ಬೇಕಾಗುವುದು.

ಹಾಗೆಂದು ಗಣಿತವನ್ನು ಬಿಟ್ಟು ಹಿಂದಿನವರ ನೆನಪನ್ನೇ ನಂಬಬೇಕೆಂಬುದು ಸಾಧುವಲ್ಲ. ನೀರಗಂಟಿಯು ಹಳ್ಳದ ಹಾದಿಯನ್ನು ಬಲ್ಲನು. ಹೆದ್ದಾರಿಯ ಕೆಳಗಿನ ಮೋರಿಯಲ್ಲಿ ಗಳಿಗೆಗೆ ಎಷ್ಟು ನೀರು ಹಿಡಿಸುವುದೆಂಬುದನ್ನು ಅನುಭವವು ಮೊದಲೇ ಹೇಳಲಾರದು, ಗಣಿತವು ಹೇಳಬಲ್ಲುದು. ಸೇಂಟ್ ವೆನಾಂಟನ ಸಮೀಕರಣದಲ್ಲಿ ದೋಷವಿಲ್ಲ; ಅದು ಕೇಳುವ ಮೇರೆಯ ನಿಬಂಧನೆಗಳಿಗೆ ಉತ್ತರವಿರುವುದು ಏರಿ, ತೂಬು, ಕೋಡಿಗಳಲ್ಲಿ. ನದಿಗೆಂದು ಬರೆದ ವ್ಯಾಖ್ಯಾನವನ್ನು ಕೆರೆಗೆ ಹಾಗೆಯೇ ಹಚ್ಚುವುದು ಅನೌಚಿತ್ಯ. ಕೋಡಿಯನ್ನು ಅಳೆಯದ ಮಾದರಿಯು ಎಷ್ಟು ಸೂಕ್ಷ್ಮವಾಗಿದ್ದರೂ ಚಿಕ್ಕಜಾಲದ ಮಟ್ಟಿಗೆ ಅಪೂರ್ಣ.