ಕಾರ್ನೆಗಿಯ ‘ಸಂಪತ್ತಿನ ಸುವಾರ್ತೆ’ ಮತ್ತು ದಾಸೋಹ ತತ್ತ್ವ

ಸಿರಿವಂತರ ಕರ್ತವ್ಯವನ್ನು ಕುರಿತು ಆಧುನಿಕ ಕಾಲದಲ್ಲಿ ಹೊರಬಂದ ಬರಹಗಳಲ್ಲಿ ಆಂಡ್ರೂ ಕಾರ್ನೆಗಿಯ ಪ್ರಬಂಧದಷ್ಟು ಪ್ರಭಾವಶಾಲಿಯಾದುದು ಬೇರೊಂದಿರಲಾರದು. 1889ರ ಜೂನ್ ತಿಂಗಳಲ್ಲಿ ಅಮೆರಿಕದ ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಯಲ್ಲಿ ‘ಸಂಪತ್ತು’ ಎಂಬ ಸರಳ ಶೀರ್ಷಿಕೆಯಿಂದ ಅದು ಪ್ರಕಟವಾಯಿತು. ಇಂಗ್ಲೆಂಡಿನ ಪತ್ರಿಕೆಯೊಂದು ಅದನ್ನು ಪುನರ್ಮುದ್ರಿಸುವಾಗ ‘ಸಂಪತ್ತಿನ ಸುವಾರ್ತೆ’ ಎಂಬ ಹೆಸರನ್ನಿಟ್ಟಿತು. ಆ ಹೆಸರೇ ನಿಂತಿತು. ಇಂದಿಗೂ ಕೋಟ್ಯಧೀಶರು ತಮ್ಮ ದಾನವನ್ನು ಸಮರ್ಥಿಸುವಾಗ ಬಳಸುವ ತರ್ಕದ ಮೂಲವನ್ನು ಈ ಕೆಲವೇ ಪುಟಗಳಲ್ಲಿ ಕಾಣಬಹುದು. ಕಾರ್ನೆಗಿಯನ್ನು ದಾಸೋಹಿಯೆಂದು ಕೊಂಡಾಡುವ ಮಾತುಗಳು ಕನ್ನಡದ ಉಪನ್ಯಾಸಗಳಲ್ಲಿಯೂ ಆಗಾಗ ಕೇಳಿಬರುವುದರಿಂದ, ಈ ಹೋಲಿಕೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಪ್ರಬಂಧವನ್ನೇ ಮುಂದಿಟ್ಟುಕೊಂಡು ಪರಿಶೀಲಿಸುವುದು ಉಚಿತ.

ಲೇಖಕನ ಯೋಗ್ಯತೆಯನ್ನು ಮೊದಲು ಒಪ್ಪಿಕೊಳ್ಳಬೇಕು. 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬಲ್ಲಿ ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಹುಟ್ಟಿದ ಈತ ಬಡತನವನ್ನು ಪುಸ್ತಕದಿಂದ ಅರಿತವನಲ್ಲ. ದುಡಿಯುವ ಹುಡುಗರಿಗಾಗಿ ತನ್ನ ಖಾಸಗಿ ಪುಸ್ತಕಭಂಡಾರವನ್ನು ತೆರೆದಿಟ್ಟಿದ್ದ ಕರ್ನಲ್ ಆಂಡರ್ಸನ್‌ನ ಉಪಕಾರವನ್ನು ಆತ ಕೊನೆಯವರೆಗೂ ಮರೆಯಲಿಲ್ಲ. 1901ರಲ್ಲಿ ಅವನ ಉಕ್ಕಿನ ಉದ್ಯಮ ಸುಮಾರು 48 ಕೋಟಿ ಡಾಲರುಗಳಿಗೆ ಮಾರಾಟವಾಯಿತು. 1919ರಲ್ಲಿ ತೀರಿಕೊಳ್ಳುವ ವೇಳೆಗೆ ಸುಮಾರು 35 ಕೋಟಿ ಡಾಲರುಗಳನ್ನು ಕೊಟ್ಟುಬಿಟ್ಟಿದ್ದನು. ಅವನ ಹಣದಿಂದ ಜಗತ್ತಿನಲ್ಲಿ ಎದ್ದ ಗ್ರಂಥಾಲಯಗಳು 2500ಕ್ಕೂ ಹೆಚ್ಚು. ಬರೆದಂತೆ ನಡೆದವನೆಂಬ ಗೌರವ ಅವನಿಗೆ ಸಲ್ಲಲೇಬೇಕು.

ಪ್ರಬಂಧದ ವಾದ ಹೀಗಿದೆ. ಮಿಗಿಲಾದ ಸಂಪತ್ತನ್ನು ವಿನಿಯೋಗಿಸಲು ಮೂರು ದಾರಿಗಳುಂಟು: ಮಕ್ಕಳಿಗೆ ಬಿಡುವುದು, ಮರಣಾನಂತರ ಲೋಕಹಿತಕ್ಕೆ ಬರೆದಿಡುವುದು, ಬದುಕಿರುವಾಗಲೇ ತಾನೇ ನಿಂತು ಲೋಕಹಿತಕ್ಕೆ ಬಳಸುವುದು. ಮೊದಲನೆಯದು ಮಕ್ಕಳಿಗೇ ಕೇಡು. ಎರಡನೆಯದು ಬಲವಂತದ ಬಿಡುಗಡೆ. ಒಯ್ಯಲಾಗದುದನ್ನು ಬಿಟ್ಟುಹೋಗುವುದರಲ್ಲಿ ಹಿರಿಮೆಯೇನು? ಆದುದರಿಂದ ಮೂರನೆಯದೇ ಶ್ರೇಷ್ಠ. ಸಿರಿವಂತನು ತನ್ನ ಧನಕ್ಕೆ ಕೇವಲ ಧರ್ಮದರ್ಶಿ. ಇಷ್ಟೇ ಅಲ್ಲ, ಭಾರಿ ಆಸ್ತಿಗಳ ಮೇಲೆ ಮರಣತೆರಿಗೆಯನ್ನು ಏರಿಸುತ್ತ ಹೋಗಬೇಕೆಂದೂ ಅವನು ವಾದಿಸುತ್ತಾನೆ. ಕೋಟ್ಯಧೀಶನೊಬ್ಬನ ಲೇಖನಿಯಿಂದ ಈ ಮಾತು ಬಂದುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿಯವರೆಗೆ ದಾಸೋಹದ ನೆರಳು ಕಾಣುವುದು ಸಹಜ. ಆದರೆ ಪ್ರಬಂಧದ ನಡುವೆ ಬರುವ ಒಂದು ಚಿಕ್ಕ ಪ್ರಸಂಗ ಈ ನೆರಳನ್ನು ಅಳಿಸಿಬಿಡುತ್ತದೆ. ತತ್ತ್ವಗ್ರಂಥಗಳನ್ನು ಬರೆದ ಒಬ್ಬ ವಿದ್ವಾಂಸ, ಹರ್ಬರ್ಟ್ ಸ್ಪೆನ್ಸರನ ಶಿಷ್ಯ, ದಾರಿಯಲ್ಲಿ ಎದುರಾದ ಭಿಕ್ಷುಕನಿಗೆ ಕಾಲು ಡಾಲರು ಕೊಟ್ಟನಂತೆ. ಕಾರ್ನೆಗಿಯ ದೃಷ್ಟಿಯಲ್ಲಿ ಇದು ಘೋರ ಅಪರಾಧ: ಆ ಮನುಷ್ಯನ ನಡತೆಯೇನೆಂದು ವಿಚಾರಿಸದೆ ಕೊಟ್ಟದ್ದು ತನ್ನ ಮನಸ್ಸಿನ ಕಿರಿಕಿರಿಯನ್ನು ಕಳೆದುಕೊಳ್ಳಲಿಕ್ಕೆ ಮಾತ್ರ. ದಾನವೆಂದು ವ್ಯಯವಾಗುವ ಪ್ರತಿ 1000 ಡಾಲರುಗಳಲ್ಲಿ 950 ವಿವೇಕವಿಲ್ಲದೆ ಹೋಗುತ್ತವೆಂಬ ಲೆಕ್ಕವನ್ನೂ ಅವನು ಕೊಡುತ್ತಾನೆ. ಆ ಲೆಕ್ಕಕ್ಕೆ ಆಧಾರವನ್ನು ಮಾತ್ರ ಕೊಡುವುದಿಲ್ಲ. ಬೇಡುವವನ ಮುಖವನ್ನು ಓದುಗ ನೋಡುವುದೇ ಇಲ್ಲ. ಶರಣರ ಮಹಾಮನೆಯಲ್ಲಿ ಬಂದವನು ಜಂಗಮ. ನೀಡುವವನೇ ಅಲ್ಲಿ ದಾಸ. ‘ದಾಸೋಽಹಂ’ ಎಂಬ ಪದದಲ್ಲಿಯೇ ಈ ಸ್ಥಾನಪಲ್ಲಟ ಅಡಗಿದೆ. ಕಾರ್ನೆಗಿಯ ಧರ್ಮದರ್ಶಿಯಾದರೋ ಬಡವರಿಗಿಂತ ತಾನು ಹೆಚ್ಚು ಬಲ್ಲವನು, ಅವರ ಹಿತವನ್ನು ಅವರಿಗಿಂತ ಚೆನ್ನಾಗಿ ಸಾಧಿಸಬಲ್ಲವನು ಎಂಬ ನಂಬಿಕೆಯಿಂದಲೇ ಕೊಡಲು ಹೊರಡುತ್ತಾನೆ. ಆಸ್ತಿಯ ಒಡೆತನವನ್ನು ಬಿಟ್ಟರೂ ಅರಿವಿನ ಒಡೆತನವನ್ನು ಅವನು ಬಿಟ್ಟುಕೊಟ್ಟಿಲ್ಲ.

ಪ್ರಬಂಧದ ನಿಜವಾದ ದೌರ್ಬಲ್ಯ ಇದಕ್ಕಿಂತ ಆಳದಲ್ಲಿದೆ. ನ್ಯೂಯಾರ್ಕಿನಲ್ಲಿ ದುಡಿಯುವವರಿಗೆ ವಿದ್ಯಾಸಂಸ್ಥೆಯನ್ನು ಕಟ್ಟಿಸಿದ ಪೀಟರ್ ಕೂಪರನ ಉದಾಹರಣೆಯನ್ನೆತ್ತಿಕೊಂಡು, ಅದೇ ಹಣ ಸಣ್ಣ ಸಣ್ಣ ಮೊತ್ತಗಳಾಗಿ, ಕೂಲಿಯ ರೂಪದಲ್ಲಿ ಹಂಚಿಹೋಗಿದ್ದರೆ ಬಹುಪಾಲು ಹೊಟ್ಟೆಬಾಯಿಗಳ ಚಪಲಕ್ಕೆ ವ್ಯರ್ಥವಾಗುತ್ತಿತ್ತೆಂದು ಕಾರ್ನೆಗಿ ಹೇಳುತ್ತಾನೆ. ಹೆಚ್ಚು ಕೂಲಿಗಿಂತ ಗ್ರಂಥಾಲಯ ಲೇಸು ಎಂಬುದೇ ಇದರ ತಾತ್ಪರ್ಯ. ಈ ಮಾತಿನ ಪರೀಕ್ಷೆಗೆ ಬಹುಕಾಲ ಕಾಯಬೇಕಾಗಲಿಲ್ಲ. 1892ರಲ್ಲಿ ಅವನದೇ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಯ ಕಡಿತ ಮತ್ತು ಕಾರ್ಮಿಕ ಸಂಘದ ಮಾನ್ಯತೆಯನ್ನು ಕುರಿತು ವಿವಾದವೆದ್ದಿತು. ಯಜಮಾನನು ಸ್ಕಾಟ್ಲೆಂಡಿನಲ್ಲಿದ್ದನು, ಪಾಲುದಾರ ಫ್ರಿಕ್ ಕಾರ್ಖಾನೆಯ ಬಾಗಿಲು ಮುಚ್ಚಿ, ಪಿಂಕರ್ಟನ್ ಸಂಸ್ಥೆಯ 300 ಕಾವಲುಗಾರರನ್ನು ಕರೆಸಿದನು. ಜುಲೈ 6ರ ಕಾಳಗದಲ್ಲಿ ಎರಡೂ ಕಡೆಯ ಜನ ಸತ್ತರು, ಸಂಘ ಮುರಿಯಿತು. ಅದೇ ಊರಿನಲ್ಲಿ 1898ರಲ್ಲಿ ಕಾರ್ನೆಗಿಯ ಗ್ರಂಥಾಲಯ ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಂತವನು ಅದರ ಮೆಟ್ಟಿಲೇರಿ ಓದಲು ಯಾವಾಗ ಹೋಗಬೇಕು?

ಕಾಯಕವನ್ನು ಬಿಟ್ಟು ದಾಸೋಹವನ್ನು ಮಾತ್ರ ಎತ್ತಿ ಹಾಡುವ ವ್ಯಾಖ್ಯಾನಗಳ ಅಪಾಯ ಇಲ್ಲಿ ಸ್ಪಷ್ಟವಾಗುತ್ತದೆ. ಶರಣರಲ್ಲಿ ಈ ಎರಡು ತತ್ತ್ವಗಳು ಒಂದಕ್ಕೊಂದು ಹೆಣೆದುಕೊಂಡಿವೆ: ನೀಡುವ ಪದಾರ್ಥ ಸತ್ಯಶುದ್ಧ ಕಾಯಕದಿಂದ ಬಂದುದಾಗಿರಬೇಕು. ಹೇಗೆ ಬಂದಿತೆಂಬ ಪ್ರಶ್ನೆಗೆ ಉತ್ತರವಾಗದೆ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಏಳುವುದೇ ಇಲ್ಲ. ಕಾರ್ನೆಗಿಯ ಪ್ರಬಂಧ ಎರಡನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಮೊದಲನೆಯದನ್ನು ಪೈಪೋಟಿಯ ನಿಯಮಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ.

ಈ ಕಟ್ಟುನಿಟ್ಟು ಅನ್ಯರಿಗೆ ಮಾತ್ರ ಅನ್ವಯಿಸತಕ್ಕದ್ದಲ್ಲ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ನಿಧನರಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟಿದ್ದರು. ಕಾರ್ನೆಗಿಯ ಶ್ರೇಣಿಯಲ್ಲಿ ಇದು ಎರಡನೆಯ ದರ್ಜೆಯ ದಾನ. ಆ ಶ್ರೇಣೀಕರಣ ಎಷ್ಟು ಕೃತಕವೆಂಬುದಕ್ಕೆ ಆ ನಿಧಿಯಿಂದ ಓದಿದವರ ತಲೆಮಾರುಗಳೇ ಸಾಕ್ಷಿ. ಆದರೂ ಆ ಆಸ್ತಿಯ ಹಿಂದೆ ಹೊಲದಲ್ಲಿ ದುಡಿದ ರೈತನ ಬೆವರಿತ್ತೆಂಬುದನ್ನು ನೆನೆಯದೆ ಲಿಂಗರಾಜರನ್ನು ಸ್ತುತಿಸಿದರೆ, ಕಾರ್ನೆಗಿಯನ್ನು ಟೀಕಿಸುವ ಅಧಿಕಾರ ಉಳಿಯುವುದಿಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ ಈ ಚರ್ಚೆಯಲ್ಲಿ ವಿಶೇಷ ಮಹತ್ತ್ವದ್ದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಗ್ಗುವುದಿಲ್ಲ. ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸುತ್ತಾಳೆ. ಈ ಕಥೆಯನ್ನು ಸಾಮಾನ್ಯವಾಗಿ ಬಡವರಿಗೆ ಸಂತೃಪ್ತಿಯನ್ನು ಬೋಧಿಸುವ ದೃಷ್ಟಾಂತವಾಗಿ ಹೇಳುವುದುಂಟು. ಅದು ಅರ್ಧ ಓದು ಮಾತ್ರ. ಅಂಗಳ ಯಾರದು? ಬಿಜ್ಜಳನ ಭಂಡಾರಿಯದು. ಅಕ್ಕಿಯನ್ನು ಹೆಚ್ಚಾಗಿ ಚೆಲ್ಲಿಸಿದವರು ಬಸವಣ್ಣನವರೇ ಎಂದು ಪರಂಪರೆ ಹೇಳುತ್ತದೆ. ಹಾಗಿದ್ದರೆ ಲಕ್ಕಮ್ಮ ತಿರಸ್ಕರಿಸಿದ್ದು ಗಂಡನ ಆಸೆಯನ್ನಷ್ಟೇ ಅಲ್ಲ, ಕಲ್ಯಾಣದ ಅತಿ ದೊಡ್ಡ ದಾಸೋಹಿಯ ಔದಾರ್ಯವನ್ನು. ಕೊಡುವವನನ್ನು ಪಡೆಯುವವಳು ತೂಗಿ ನೋಡುವ ಹಕ್ಕನ್ನು ಆ ಗ್ರಂಥ ಸಂಕೋಚವಿಲ್ಲದೆ ಒಪ್ಪಿಕೊಂಡಿದೆ. ಬಸವಣ್ಣನವರ ಹಿರಿಮೆ ಅದರಿಂದ ಕುಗ್ಗಿದಂತೆ ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಇಂತಹ ಒಂದು ಪಾತ್ರಕ್ಕೆ ಕಾರ್ನೆಗಿಯ ಪ್ರಬಂಧದಲ್ಲಿ ಎಡೆಯಿಲ್ಲ. ಚರಿತ್ರೆಯಲ್ಲಿ ಮಾತ್ರ ಆ ಧ್ವನಿ ಕೇಳಿಬಂದಿತು. ಗ್ರಂಥಾಲಯ ಬೇಕೆನ್ನುವ ಊರು ನಿವೇಶನವನ್ನು ಒದಗಿಸಿ, ಕೊಡುಗೆಯ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ನಿರ್ವಹಣೆಗೆ ತೆಗೆದಿಡಬೇಕೆಂಬುದು ಅವನ ಷರತ್ತು. ಅಮೆರಿಕದ ಕೆಲವು ಊರುಗಳು ಆ ಹೊರೆ ಬೇಡವೆಂದು ಅವನ ಹಣವನ್ನು ನಿರಾಕರಿಸಿದವು. ಇನ್ನು ಕೆಲವೆಡೆ ಕಾರ್ಮಿಕ ಸಂಘಗಳು ಹೋಮ್‌ಸ್ಟೆಡ್‌ನ ನೆನಪನ್ನು ಮುಂದಿಟ್ಟು ವಿರೋಧಿಸಿದವು.