ಗುಟ್ಟು ಕಾಯುವ ಗಂಡಸರು

ಕುರುಕ್ಷೇತ್ರದ ಯುದ್ಧವೆಲ್ಲ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿಬಿಟ್ಟಳು: ಕರ್ಣನೂ ನಿಮ್ಮ ಅಣ್ಣನೇ, ಅವನಿಗೂ ನೀರು ಬಿಡಿ. ಸಂಕಟದಿಂದ, ಸಿಟ್ಟಿನಿಂದ ಧರ್ಮರಾಯ ಇನ್ನು ಮುಂದೆ ಹೆಂಗಸರ ಮನಸ್ಸಿನಲ್ಲಿ ಯಾವ ಗುಟ್ಟೂ ನಿಲ್ಲದಿರಲಿ ಎಂದು ಶಾಪ ಕೊಟ್ಟನಂತೆ. ಈ ಕಥೆಯನ್ನು ನಮ್ಮ ಹಿರಿಯರು ಎಷ್ಟು ಸಲ ಹೇಳಿ ನಕ್ಕಿಲ್ಲ! ಜೀವಮಾನವಿಡೀ ಒಂದು ಗುಟ್ಟನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ಬೆಂದವಳು ಕುಂತಿ. ಆದರೆ ಹೆಣ್ಣುಜಾತಿಗೆ ಅಂಟಿದ್ದು ಬಾಯಿ ನಿಲ್ಲದವರು ಎಂಬ ಹೆಸರು. ಗಂಡಸರ ಗುಟ್ಟಿಗಾದರೋ ನಮ್ಮಲ್ಲಿ ಒಳ್ಳೊಳ್ಳೆಯ ಹೆಸರುಗಳಿವೆ. ಜವಾಬ್ದಾರಿ, ವ್ಯವಹಾರ, ಆಫೀಸಿನ ವಿಷಯ, ಇನ್ನೂ ಮೇಲಕ್ಕೆ ಹೋದರೆ ದೇಶದ ಹಿತ.

ಅಮೆರಿಕದ ಒಂದು ಹಳೆಯ ಟೀವಿ ಧಾರಾವಾಹಿಯನ್ನು ನೋಡುವಾಗ ಈ ಶಾಪದ ಕಥೆ ನನಗೆ ಮತ್ತೆ ಮತ್ತೆ ನೆನಪಾಯಿತು ಎಂದರೆ ನಿಮಗೆ ನಗು ಬರಬಹುದು. ಅದರ ಹೆಸರು ‘ಡಾರ್ಕ್ ಸ್ಕೈಸ್’, ಎಂದರೆ ಕತ್ತಲೆಯ ಆಕಾಶ. ಎನ್‌ಬಿಸಿ ಎಂಬ ಅಲ್ಲಿನ ದೊಡ್ಡ ವಾಹಿನಿಯಲ್ಲಿ 1996ರ ಸೆಪ್ಟೆಂಬರ್ 21ರಂದು ಶುರುವಾಗಿ, 1997ರ ಮೇ 31ಕ್ಕೆ ಕಣ್ಣು ಮುಚ್ಚಿತು. ಒಂದು ವರ್ಷದ ಕೂಸು. ಅದನ್ನು ಹುಟ್ಟುಹಾಕಿದ ಬ್ರೈಸ್ ಝೇಬಲ್ ಮತ್ತು ಬ್ರೆಂಟ್ ಫ್ರೀಡ್‌ಮನ್ ಐದು ವರ್ಷ ನಡೆಸುವ ಲೆಕ್ಕ ಹಾಕಿಕೊಂಡಿದ್ದರು. 1960ರ ದಶಕದಿಂದ ಶತಮಾನದ ಕೊನೆಯವರೆಗೂ ಕಥೆಯನ್ನು ತರಬೇಕೆಂಬುದು ಅವರ ಆಸೆ. ಮೊದಲ ವರ್ಷವೇ ದಾಟಲಿಲ್ಲ. ನನ್ನ ಅಕ್ಕನ ಮಗನಿಗೆ ಇಂಥವುಗಳ ಹುಚ್ಚು. ಡಿಸ್ಕುಗಳನ್ನು ನನ್ನ ಕೈಗಿತ್ತು, “ಚಿಕ್ಕಮ್ಮ, ಇದರಲ್ಲಿ ಹಾರುವ ತಟ್ಟೆಗಿಂತ ಮನೆಯೊಳಗಿನ ಜಗಳವೇ ಚೆನ್ನಾಗಿದೆ, ನಿಂಗೆ ಹಿಡಿಸಬಹುದು” ಎಂದ. ಚೇಷ್ಟೆಗೆ ಆಡಿದ ಮಾತಾದರೂ ಅದರಲ್ಲಿ ಒಂದು ಒಳ್ಳೆಯ ವಿಮರ್ಶೆಯೇ ಇತ್ತು.

ಆ ಕಾಲದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1947ರಲ್ಲಿ ನ್ಯೂ ಮೆಕ್ಸಿಕೊದ ರಾಸ್‌ವೆಲ್ ಎಂಬ ಊರಿನ ಬಳಿ ಏನೋ ಬಿದ್ದಿತು. ಅದು ಹಾರುವ ತಟ್ಟೆ ಎಂದು ಕೆಲವರು, ಬಲೂನು ಎಂದು ಸರ್ಕಾರ. ಸರ್ಕಾರ ಅಂದಿನಿಂದಲೂ ಅನ್ಯಗ್ರಹದವರ ಸುದ್ದಿಯನ್ನು ಮುಚ್ಚಿಡುತ್ತಿದೆ, ಅದಕ್ಕೆಂದೇ ‘ಮೆಜೆಸ್ಟಿಕ್-12’ ಎಂಬ ಗುಪ್ತ ಮಂಡಳಿ ಇದೆ ಎಂದು ಸಾರುವ ಕೆಲವು ಕಾಗದಪತ್ರಗಳು 1980ರ ದಶಕದಲ್ಲಿ ಹೊರಬಂದವು. ಅವು ನಕಲಿ ಎಂದು ತೀರ್ಮಾನವಾಯಿತು. ಆದರೆ ನಕಲಿ ಕಾಗದಕ್ಕೆ ಇರುವ ಆಯುಷ್ಯ ಅಸಲಿಗೆ ಎಲ್ಲಿದೆ! 1993ರಲ್ಲಿ ಬಂದ ‘ಎಕ್ಸ್ ಫೈಲ್ಸ್’ ಈ ಅನುಮಾನವನ್ನೇ ಉಂಡು ಬೆಳೆಯಿತು. ಅದರ ಯಶಸ್ಸನ್ನು ನೋಡಿ ಎನ್‌ಬಿಸಿಯವರು ತಮ್ಮ ಒಲೆಯ ಮೇಲೂ ಅದೇ ಪಾತ್ರೆ ಇಟ್ಟರು ಎನ್ನುವುದು ‘ಡಾರ್ಕ್ ಸ್ಕೈಸ್’ನ ಹುಟ್ಟಿನ ಕಥೆ.

ಆದರೂ ಅಡುಗೆ ಬೇರೆಯೇ ಆಯಿತು. 1961ರಲ್ಲಿ ಜಾನ್ ಲೋನ್‌ಗಾರ್ಡ್ ಮತ್ತು ಕಿಂಬರ್ಲಿ ಸೇಯರ್ಸ್ ಎಂಬ ಎಳೆಯ ಜೋಡಿ ವಾಷಿಂಗ್‌ಟನ್ನಿಗೆ ಬರುತ್ತದೆ. ಇನ್ನೂ ಮದುವೆಯಾಗಿಲ್ಲ, ಆದರೆ ಒಟ್ಟಿಗೆ ಬದುಕುವ ಕನಸು ಕಟ್ಟಿಕೊಂಡು ಬಂದವರು. ಕೆನಡಿ ಅಧ್ಯಕ್ಷರಾದ ಹೊಸತು. ದೇಶಕ್ಕೆ ದೇಶವೇ ಎಳೆಯದಾದಂತೆ ಅನ್ನಿಸುತ್ತಿದ್ದ ಕಾಲ. ಜಾನ್ ಒಬ್ಬ ಸಂಸದನ ಕಚೇರಿಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಕಿಂಬರ್ಲಿಗೆ ಶ್ವೇತಭವನದಲ್ಲೇ, ಅಧ್ಯಕ್ಷರ ಪತ್ನಿಯ ಸಿಬ್ಬಂದಿಯಲ್ಲಿ ಕೆಲಸ ಸಿಗುತ್ತದೆ. ಹಾರುವ ತಟ್ಟೆಗಳ ದೂರುಗಳನ್ನು ಪರಿಶೀಲಿಸುವ ವಾಯುಪಡೆಯ ವಿಭಾಗದ ಮೇಲೆ ಕಣ್ಣು ಹಾಯಿಸಲು ಹೋದ ಜಾನ್ ನೇರವಾಗಿ ಮೆಜೆಸ್ಟಿಕ್‌ನ ಬಾಯಿಗೆ ಬೀಳುತ್ತಾನೆ. ಅದರ ಮುಖ್ಯಸ್ಥ ಕ್ಯಾಪ್ಟನ್ ಫ್ರಾಂಕ್ ಬಾಖ್ ಅವನನ್ನು ಮೊದಲು ಹೆದರಿಸುತ್ತಾನೆ, ಆಮೇಲೆ ಸೇರಿಸಿಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಜಾನ್ ತಾನು ಎಲ್ಲಿಗೆ ಹೋಗುತ್ತೇನೆ, ಏನು ಮಾಡುತ್ತೇನೆ ಎಂದು ಮನೆಯಲ್ಲಿ ಹೇಳುವಂತಿಲ್ಲ.

ಎರಡು ಗಂಟೆಯ ಮೊದಲ ಕಂತನ್ನು ಹೆದರಿಕೆಯ ಸಿನಿಮಾಗಳಿಗೆ ಹೆಸರಾದ ಟೋಬಿ ಹೂಪರ್ ನಿರ್ದೇಶಿಸಿದ್ದಾರೆ. ಅದರಲ್ಲಿ ಮನುಷ್ಯರ ಬಾಯಿಯಿಂದ ಒಳಹೊಕ್ಕು ಮಿದುಳಿಗೆ ಸುತ್ತಿಕೊಳ್ಳುವ ಜೇಡದಂಥ ಜೀವಿಗಳಿವೆ. ಅವುಗಳ ಸಮೂಹಕ್ಕೆ ‘ಹೈವ್’, ಎಂದರೆ ಜೇನುಗೂಡು, ಎಂದು ಹೆಸರು. ಒಳಹೊಕ್ಕವರ ಮುಖ ಅದೇ, ದನಿ ಅದೇ, ಒಳಗಿರುವುದು ಬೇರೆಯದು. ಅಸಹ್ಯ ಹುಟ್ಟಿಸುವ ದೃಶ್ಯಗಳಿವೆ, ನಾನು ಎರಡು ಕಡೆ ಮುಖ ತಿರುಗಿಸಿದ್ದೂ ಉಂಟು. ಆದರೆ ನಿಜವಾಗಿ ಎದೆ ನಡುಗಿದ್ದು ಬಾಖ್‌ನನ್ನು ನೋಡಿ. 1998ರಲ್ಲಿ ತೀರಿಕೊಂಡ ಜೆ.ಟಿ. ವಾಲ್ಷ್ ಆ ಪಾತ್ರ ಮಾಡಿದ್ದಾರೆ. ಕೂಗಾಟವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಸೊಸೈಟಿಯ ಲೆಕ್ಕ ಒಪ್ಪಿಸುವವರ ಹಾಗೆ ತಣ್ಣಗೆ ಮಾತಾಡುತ್ತಾನೆ. ಜನರಿಗೆ ತಿಳಿಸದಿರುವುದು ಜನರ ಒಳ್ಳೆಯದಕ್ಕೇ ಎಂದು ಅವನು ಮನಸಾರೆ ನಂಬಿದ್ದಾನೆ. ಅವನು ಬರಿಯ ಕೇಡಿಗನಾಗಿದ್ದರೆ ಮರೆತುಬಿಡಬಹುದಿತ್ತು. ನಮ್ಮ ಮೇಲೆ ಕಾಳಜಿ ಇರುವವನ ಹಾಗೆ ಕಾಣುತ್ತಾನಲ್ಲ, ಕಷ್ಟ ಅಲ್ಲೇ ಇರುವುದು.

ಈ ದನಿಯನ್ನು ನಾವು ಕೇಳಿಲ್ಲವೇ? ನಮ್ಮ ಬೀದಿಯಲ್ಲಿ ಒಬ್ಬರಿದ್ದರು, ನಾವೆಲ್ಲ ಅತ್ತೆ ಎಂದೇ ಕರೆಯುತ್ತಿದ್ದೆವು. ಅವರ ಯಜಮಾನರು ಸ್ನೇಹಿತರೊಬ್ಬರ ಸಾಲಕ್ಕೆ ಮನೆಯನ್ನೇ ಜಾಮೀನು ಕೊಟ್ಟಿದ್ದರು. ಆರು ವರ್ಷ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ದಿನ ಕೋರ್ಟಿನ ಅಮೀನ ಬಂದು ಬಾಗಿಲಿಗೆ ನೋಟೀಸು ಅಂಟಿಸಿದಾಗ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತರು. “ನಿನಗ್ಯಾಕೆ ಸುಮ್ಮನೆ ಚಿಂತೆ ಅಂತ ಹೇಳಲಿಲ್ಲ” ಎಂದರು ಯಜಮಾನರು. ಅತ್ತೆ ಹೇಳಿದ್ದು ಒಂದೇ ಮಾತು: “ಚಿಂತೆ ಮಾಡೋ ಹಕ್ಕಾದರೂ ನನಗಿರಬೇಡವೇ?” ಮನೆ ಹೋದದ್ದಕ್ಕಿಂತ ಆ ಆರು ವರ್ಷ ತಾವು ನಿಶ್ಚಿಂತೆಯಿಂದ ರಂಗೋಲಿ ಹಾಕಿದ್ದು ಅವರನ್ನು ಹೆಚ್ಚು ಸುಟ್ಟಿತು ಎಂದು ನನಗೆ ಅನ್ನಿಸುತ್ತದೆ.

‘ಡಾರ್ಕ್ ಸ್ಕೈಸ್’ ಈ ಉರಿಯನ್ನು ಚೆನ್ನಾಗಿಯೇ ಮುಟ್ಟಿ ನೋಡುತ್ತದೆ. ಜಾನ್ ಗುಟ್ಟು ಕಾಯುತ್ತ ಕೂತಿದ್ದಾಗ ಹೈವ್ ಎತ್ತಿಕೊಂಡು ಹೋಗುವುದು ಕಿಂಬರ್ಲಿಯನ್ನು. ಅವಳಿಗೆ ಯಾರ ಮೇಲೆ ಎಚ್ಚರವಾಗಿರಬೇಕು ಎಂದೇ ತಿಳಿದಿರಲಿಲ್ಲ. ಅವಳೊಳಗೆ ಹೊಕ್ಕ ಜೀವಿಯನ್ನು ಜಾನ್ ಮದ್ದುಕೊಟ್ಟು, ಪ್ರಾಣದ ಜೊತೆ ಜೂಜಾಡಿದ ಹಾಗೆ ಹೊರಗೆ ತರಿಸುತ್ತಾನೆ. ಅವಳು ಬದುಕುತ್ತಾಳೆ, ಆದರೆ ಅದರ ನೆರಳು ಬಿಡುವುದಿಲ್ಲ. ಇಲ್ಲಿಂದ ಮುಂದೆ ಕೆಲವು ಕಂತುಗಳು ನಿಜಕ್ಕೂ ಚೆನ್ನಾಗಿವೆ. ಇಬ್ಬರ ನಡುವೆ ಇನ್ನು ಮುಚ್ಚುಮರೆಯಿಲ್ಲ. ಸುದ್ದಿಯನ್ನು ಅಧ್ಯಕ್ಷರವರೆಗೂ ಮುಟ್ಟಿಸುತ್ತಾರೆ. 1963ರ ನವೆಂಬರ್ 22ರಂದು ಅಧ್ಯಕ್ಷರ ಕೊಲೆಯಾದ ಮೇಲೆ ಇಬ್ಬರೂ ತಲೆಮರೆಸಿಕೊಂಡು ಊರೂರು ಅಲೆಯುತ್ತಾರೆ. ಎರಿಕ್ ಕ್ಲೋಸ್ ಮತ್ತು ಮೇಗನ್ ವಾರ್ಡ್ ಈ ಅಲೆಮಾರಿ ಸಂಸಾರವನ್ನು ನಂಬುವಂತೆ ನಟಿಸಿದ್ದಾರೆ. ಗುಟ್ಟು ಹಂಚಿಕೊಂಡ ಮೇಲೆ ಅವಳು ಹೊರೆಯಾಗಿ ಕಾಣುವುದಿಲ್ಲ, ಸರಿಸಮವಾಗಿ ಹೆಜ್ಜೆ ಹಾಕುತ್ತಾಳೆ.

ಮೊದಲ ಕಂತಿನಲ್ಲಿ ಬಂದು ಹೋಗುವ ಇನ್ನೊಂದು ಜೋಡಿಯ ಬಗ್ಗೆಯೂ ಹೇಳಬೇಕು. ಬೆಟ್ಟಿ ಮತ್ತು ಬಾರ್ನಿ ಹಿಲ್ ಕಥೆಯ ಪಾತ್ರಗಳಲ್ಲ, ನಿಜವಾಗಿ ಬದುಕಿದ್ದವರು. ಆಕೆ ಬಿಳಿಯಳು, ಸಮಾಜಸೇವೆಯ ಇಲಾಖೆಯಲ್ಲಿ ಕೆಲಸ. ಆತ ಕರಿಯ, ಅಂಚೆ ನೌಕರ. 1961ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂ ಹ್ಯಾಂಪ್‌ಶೈರಿನ ಬೆಟ್ಟದ ದಾರಿಯಲ್ಲಿ ಕಾರಿನಲ್ಲಿ ಬರುವಾಗ ಬೆಳಕೊಂದು ಹಿಂಬಾಲಿಸಿತು ಎಂದರು. ಅನ್ಯಗ್ರಹದವರು ತಮ್ಮನ್ನು ಹಿಡಿದೊಯ್ದು ಪರೀಕ್ಷಿಸಿದರು ಎಂಬ ಮಾತು ಆಮೇಲೆ ಬೆಳೆಯಿತು. ಬಾರ್ನಿಗೆ ಸುಮ್ಮನಿರುವ ಮನಸ್ಸು. ಬೆಟ್ಟಿ ಸುಮ್ಮನಿರಲಿಲ್ಲ, ವಾಯುನೆಲೆಗೆ ತಿಳಿಸಿದಳು, ಪತ್ರ ಬರೆದಳು. ಅವರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಬೆಂಜಮಿನ್ ಸೈಮನ್, ಬೆಟ್ಟಿಯ ಕನಸೇ ಇಬ್ಬರ ನೆನಪಾಗಿದೆ ಎಂದು ಭಾವಿಸಿದ್ದರು. ನನಗೂ ಅದೇ ಸರಿ ಎನಿಸುತ್ತದೆ. ಆದರೆ ಬೆಟ್ಟಿಯ ಮಾತಿನ ಬಲವನ್ನು ಗಮನಿಸಿ. ನಗುವವರು ನಗಲಿ ಎಂದು 2004ರಲ್ಲಿ ಸಾಯುವವರೆಗೂ ಹೇಳುತ್ತಲೇ ಇದ್ದಳು. ಇಂಥ ಹೆಂಗಸನ್ನು ಒಂದು ದೃಶ್ಯದ ಸಾಕ್ಷಿಯನ್ನಾಗಿ ಮಾಡಿ ಧಾರಾವಾಹಿ ಮುಂದೆ ಓಡುತ್ತದೆ.

ಧಾರಾವಾಹಿಯ ದೊಡ್ಡ ದೋಷ ಬೇರೊಂದಿದೆ. ಅಮೆರಿಕದ ಆ ದಶಕದಲ್ಲಿ ನಡೆದ ಏನೇ ಇರಲಿ, ಅದರ ಹಿಂದೆ ಅನ್ಯಗ್ರಹದವರನ್ನು ತಂದು ನಿಲ್ಲಿಸುತ್ತದೆ. ಬೀಟಲ್ಸ್ ಹಾಡುಗಾರರು ಅಮೆರಿಕದ ಟೀವಿಗೆ ಬಂದದ್ದು, ಅಲಾಸ್ಕದ ಭೂಕಂಪ, 1965ರಲ್ಲಿ ಅರ್ಧ ಪೂರ್ವತೀರಕ್ಕೆ ಕರೆಂಟು ಹೋದದ್ದು, ಎಲ್ಲ. ಇವೆಲ್ಲ ತಮಾಷೆ ಎಂದು ಬಿಡೋಣ. ಆದರೆ ಮಿಸಿಸಿಪಿಯ ಕಥೆಯನ್ನು ಹಾಗೆ ಬಿಡಲಾಗುವುದಿಲ್ಲ. 1964ರ ಜೂನ್ 21ರಂದು ಕರಿಯರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ತರುಣರನ್ನು ಅಲ್ಲಿ ಕೊಂದರು. ಕೊಂದವರು ಕ್ಲ್ಯಾನ್ ಎಂಬ ಬಿಳಿಯರ ಗುಂಪು, ಕೈಜೋಡಿಸಿದವರಲ್ಲಿ ಪೋಲೀಸಿನವನೂ ಇದ್ದ. 44 ದಿನಗಳ ಮೇಲೆ ಒಂದು ಮಣ್ಣಿನ ಏರಿಯೊಳಗೆ ಹೆಣಗಳು ಸಿಕ್ಕವು. ಒಬ್ಬ ಮುಖ್ಯ ಅಪರಾಧಿಗೆ ಶಿಕ್ಷೆಯಾಗಲು 2005 ಬರಬೇಕಾಯಿತು. ಈ ಪ್ರಕರಣದ ಸುತ್ತಲೂ ಹೈವ್‌ನ ಕಥೆ ಹೆಣೆದಾಗ ಧಾರಾವಾಹಿ ತನಗೆ ಅರಿವಿಲ್ಲದೆಯೇ ಮನುಷ್ಯರ ಹೊಣೆಯನ್ನು ಸಡಿಲ ಮಾಡಿತು.

ನಮ್ಮ ಊರುಗಳಲ್ಲಿ ಸೊಸೆ ಬಾವಿಗೆ ಬಿದ್ದಾಗ, ಪಾಪ, ಅವಳಿಗೆ ಗಾಳಿ ಸೋಕಿತ್ತು ಎಂದು ಮಾತು ಹಬ್ಬಿಸಿದ್ದನ್ನು ಕೇಳಿದವರಿಗೆ ನನ್ನ ಆಕ್ಷೇಪ ತಿಳಿಯುತ್ತದೆ. ದೆವ್ವದ ಮೇಲೆ ಹೊರಿಸಿದ ಮೇಲೆ ಮನೆಯೊಳಗೆ ಯಾರು ಏನು ಮಾಡಿದರು ಎಂದು ಕೇಳುವವರು ಯಾರು?

ಇನ್ನೊಂದು ಸಂಗತಿ. ಧಾರಾವಾಹಿ ನಿಂತ 1997ರಲ್ಲೇ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಒಂದು ಅಧ್ಯಯನ ಪ್ರಕಟವಾಯಿತು. 1950ರ ದಶಕದ ಕೊನೆಯಿಂದ 60ರ ದಶಕದವರೆಗೆ ಹಾರುವ ತಟ್ಟೆ ಕಂಡೆವು ಎಂದು ಬಂದ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ, ಮುಖ್ಯವಾಗಿ ಯು-2ರಂಥ ಗುಪ್ತ ಬೇಹುಗಾರಿಕೆ ವಿಮಾನಗಳೇ ಕಾರಣ ಎಂದು ಅದು ಹೇಳಿತು. ಯು-2 ಹಾರುತ್ತಿದ್ದುದು 60,000 ಅಡಿಗಿಂತ ಮೇಲೆ. ಕೆಳಗೆ ಕತ್ತಲಾಗಿದ್ದಾಗ ಅದರ ರೆಕ್ಕೆಗೆ ಬಿಸಿಲು ತಾಗಿ ಬೆಂಕಿಯಂತೆ ಹೊಳೆಯುತ್ತಿತ್ತು. ನೋಡಿದವರು ಸುಳ್ಳು ಹೇಳಿರಲಿಲ್ಲ. ನಿಜ ತಿಳಿದ ಅಧಿಕಾರಿಗಳು, ಅದು ಮಂಜಿನ ಹರಳು, ಅದು ಹವೆಯ ಚಮತ್ಕಾರ ಎಂದು ಸಾಗಹಾಕಿದರು. ಜನ ಆ ಉತ್ತರವನ್ನು ನಂಬಲಿಲ್ಲ, ತಾವೇ ಒಂದು ಕಥೆ ಕಟ್ಟಿಕೊಂಡರು. ಮನೆಯಲ್ಲೂ ಹೀಗೆಯೇ ತಾನೆ? ಹೇಳದೆ ಬಿಟ್ಟ ಮಾತಿನ ಜಾಗದಲ್ಲಿ ಅನುಮಾನ ಹುತ್ತ ಕಟ್ಟುತ್ತದೆ, ಆಮೇಲೆ ನಿಜ ಹೇಳಿದರೂ ಯಾರಿಗೂ ಬೇಡ.

ಇಷ್ಟೆಲ್ಲ ಕೈಯಲ್ಲಿದ್ದೂ ಧಾರಾವಾಹಿ ಕಿಂಬರ್ಲಿಯ ಕೈಬಿಟ್ಟಿತು. ಅವಳು ಬಸುರಿಯಾಗುತ್ತಾಳೆ, ಹೈವ್ ಅವಳನ್ನು ಮತ್ತೆ ಸೆಳೆದುಕೊಳ್ಳುತ್ತದೆ, ಈ ಸಲ ಪೂರ್ತಿಯಾಗಿ. ಅವಳ ಕೂಸೂ ಅವರ ವಶ. ಅಷ್ಟು ದಿನ ಜೊತೆಗೆ ನಡೆದವಳು ಶತ್ರುವಿನ ಪಾಳಯದ ತಣ್ಣನೆಯ ಹೆಂಗಸಾಗುತ್ತಾಳೆ. ಜಾನ್‌ನ ಪಕ್ಕಕ್ಕೆ ಜೂಲಿಯೆಟ್ ಎಂಬ ಹೊಸಬಳು ಬರುತ್ತಾಳೆ, ಚುರುಕು, ಕೈಯಲ್ಲಿ ಪಿಸ್ತೂಲು. ಮೈಮೇಲೆ ಎರಡು ಸಲ ದಾಳಿಯಾದವಳ ಒಳಗೆ ಏನು ನಡೆಯುತ್ತಿದೆ, ತನ್ನ ಮಗುವನ್ನು ಅವಳು ಯಾವ ಕಣ್ಣಿನಿಂದ ನೋಡುತ್ತಾಳೆ ಎಂದು ಕೇಳುವ ಪುರುಸೊತ್ತು ಬರೆಯುವವರಿಗಿಲ್ಲ. ಕಥೆಯನ್ನು ಹೇಳುವ ದನಿಯೂ ಮೊದಲಿನಿಂದ ಜಾನ್‌ನದೇ ಅಲ್ಲವೇ! ಅವನ ದುಃಖವೇ ದುಃಖ. ಕೆಟ್ಟುಹೋದವಳನ್ನು ಪಕ್ಕಕ್ಕಿಟ್ಟು ಗಂಡಿಗೆ ಎರಡನೆಯ ಸಂಬಂಧ ನೋಡುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದರೆ, ಇಲ್ಲಿ ನೋಡಿ.

ಒಂದು ಕುತೂಹಲದ ವಿಷಯ ಹೇಳುತ್ತೇನೆ. ಜೂಲಿಯೆಟ್ ಆಗಿ ನಟಿಸಿದ ಜೆರಿ ರಯಾನ್, ಅದೇ 1997ರಲ್ಲಿ ‘ಸ್ಟಾರ್ ಟ್ರೆಕ್: ವಾಯೇಜರ್’ ಸೇರಿ ಹೆಸರು ಮಾಡಿದರು. ಅಲ್ಲಿ ಆಕೆಯ ಪಾತ್ರ, ಚಿಕ್ಕಂದಿನಲ್ಲೇ ಬೋರ್ಗ್ ಎಂಬ ಸಮೂಹಕ್ಕೆ ಸೆರೆಸಿಕ್ಕಿ, ದೊಡ್ಡವಳಾದ ಮೇಲೆ ಬಿಡಿಸಿಕೊಂಡು ಬಂದ ಹೆಣ್ಣಿನದು. ನಗುವುದು, ಸಿಟ್ಟಾಗುವುದು, ನಾನು ಎನ್ನುವುದು, ಎಲ್ಲವನ್ನೂ ಅವಳು ಹೊಸದಾಗಿ ಕಲಿಯಬೇಕು. ಅದನ್ನು ತೋರಿಸಲು ಆ ಧಾರಾವಾಹಿ 2001ರವರೆಗೆ, ನಾಲ್ಕು ವರ್ಷ ಕೊಟ್ಟಿತು. ಕಿಂಬರ್ಲಿಗೆ ಸಿಗದ ಮರಳುವ ದಾರಿ, ಅವಳ ಜಾಗಕ್ಕೆ ಬಂದವಳಿಗೆ ಬೇರೆ ಕಥೆಯಲ್ಲಿ ಸಿಕ್ಕಿತು.

ಧಾರಾವಾಹಿ ನಿಂತದ್ದಕ್ಕೆ ನೋಡುಗರು ಕಡಿಮೆಯಾದದ್ದು, ‘ಎಕ್ಸ್ ಫೈಲ್ಸ್’ನ ನಕಲು ಎಂಬ ಹೆಸರು ಬಂದದ್ದು ಕಾರಣ ಎನ್ನುತ್ತಾರೆ. ಇರಬಹುದು. ನನ್ನ ಮಟ್ಟಿಗೆ ಅದರ ಜೀವ ಇದ್ದದ್ದು ಗುಟ್ಟು ಹಂಚಿಕೊಂಡ ಇಬ್ಬರು ಒಂದು ಹಳೆಯ ಕಾರಿನಲ್ಲಿ ಕೂತು ಜಗಳವಾಡುತ್ತ, ಒಬ್ಬರನ್ನೊಬ್ಬರು ನಂಬುತ್ತ ಹೋಗುವ ಆ ನಡುವಿನ ಕಂತುಗಳಲ್ಲಿ. ಸಿಕ್ಕರೆ ಮೊದಲ ಎರಡು ಗಂಟೆಯನ್ನೂ ಆ ಕಂತುಗಳನ್ನೂ ನೋಡಿ. ಮನೆಯವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಬಾಖ್ ತಣ್ಣಗೆ ಮಾತಾಡುವಾಗ, ಬೀರುವಿನಲ್ಲಿರುವ ನಮ್ಮ ಕಾಗದಪತ್ರಗಳು ಏನೇನು, ಸಾಲ ಎಷ್ಟು, ಯಾರಿಗೆ ಜಾಮೀನು ನಿಂತಿದ್ದೀರಿ ಎಂದು ಮೆಲ್ಲಗೆ ಕೇಳಿನೋಡಬಹುದು.